ಹಜಾರದ ಮೂಲೆಯ ಜಾವಾ

ನಂಜನಗೂಡಿನ ತೇರಿನ ಬೀದಿಯಲ್ಲೋ ತಿರುಮಕೂಡಲಿನ ಸಂಗಮದ ದಾರಿಯಲ್ಲೋ ನೀವು ನಿಂತಿರುವಾಗ ಹಿಂದಿನಿಂದ ಒಂದು ಮೋಟಾರು ಸೈಕಲ್ಲು ಬರುತ್ತದೆ. ತಿರುಗಿ ನೋಡದೆಯೇ, ಅದು ಜಾವಾ ಎಂದು ಹೇಳಬಲ್ಲ ಹಿರಿಯರು ಈ ಸೀಮೆಯಲ್ಲಿ ಈಗಲೂ ಇದ್ದಾರೆ. ಆ ಸದ್ದಿನ ಗುಟ್ಟೇನು? ತಂದೆಯ ಕಾಲದ ಆ ಗಾಡಿ ಮಕ್ಕಳ ಕಾಲಕ್ಕೂ ಓಡಬೇಕಾದರೆ ಮನೆಯವರು ಏನು ಮಾಡಬೇಕು? ಸ್ವಲ್ಪ ವಿಚಾರಿಸೋಣ.

ಮೈಸೂರಿನ ಯಾದವಗಿರಿ ಎಂದರೆ ರೇಡಿಯೋ ಕೇಳುವವರಿಗೆ ಆಕಾಶವಾಣಿಯ ನೆನಪಾಗುವುದು ಸಹಜ. ಅದೇ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯೂ ಇತ್ತು. ಇರಾನಿ ಮನೆತನದವರು 1960ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ವಿನ್ಯಾಸ ಚೆಕೊಸ್ಲೊವಾಕಿಯಾದ್ದು. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರಗಳಿಗೆ ವಾಂಡರರ್ ಎಂಬ ಜರ್ಮನ್ ಗಾಡಿಯ ಮೊದಲಕ್ಷರಗಳನ್ನು ಕೂಡಿಸಿ 1929ರಲ್ಲಿ ‘ಜಾವಾ’ ಎಂದು ಹೆಸರಿಟ್ಟಿದ್ದರು. ಮೈಸೂರಿನಲ್ಲಿ 1973ರಿಂದ ಆ ಗಾಡಿಗೆ ‘ಯೆಜ್ಡಿ’ ಎಂಬ ಹೆಸರು ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪು ಈ ಹೆಸರಿನಲ್ಲಿದೆ. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಆದರೆ ಅಲ್ಲಿ ಹುಟ್ಟಿದ ಗಾಡಿಗಳ ಓಟ ಮುಗಿಯಲಿಲ್ಲ.

ಈಗ ಯಂತ್ರದ ಮಾತು. ಮಾಮೂಲು ಬೈಕುಗಳ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಒಟ್ಟು ನಾಲ್ಕು ಸಲ ಚಲಿಸಿದರೆ ಒಂದು ಸಲ ಪೆಟ್ರೋಲು ಉರಿಯುತ್ತದೆ. ಜಾವಾದಲ್ಲಿ ಎರಡು ಸಲಕ್ಕೇ ಉರಿಯುತ್ತದೆ. ಆದ್ದರಿಂದ ಅದರ ಸದ್ದಿನ ತಾಳ ಒತ್ತೊತ್ತಾಗಿದೆ. ಸಿಲಿಂಡರು ಒಂದೇ, ಹೊಗೆ ಹೋಗುವ ಕೊಳವೆಗಳು ಮಾತ್ರ ಎರಡು. ಗೇರು ಹಾಕುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರು. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿರುವುದರಿಂದ ಗದ್ದೆ ಬಯಲಿನ ಕೆಸರೂ ಬೇಸಿಗೆಯ ಧೂಳೂ ಅದಕ್ಕೆ ಸುಲಭವಾಗಿ ತಾಗುವುದಿಲ್ಲ. ಹಳ್ಳಿ ದಾರಿಗೆ ಇದು ಒಗ್ಗಿದ್ದರಲ್ಲಿ ಆಶ್ಚರ್ಯವೇನು?

ಈ ಎಂಜಿನ್ನಿನ ಕೆಳಭಾಗದ ಕೋಣೆಯ ಮೂಲಕವೇ ಪೆಟ್ರೋಲು ಮತ್ತು ಗಾಳಿ ಹಾದುಹೋಗಬೇಕು. ಆದ್ದರಿಂದ ಅಲ್ಲಿ ಎಣ್ಣೆ ತುಂಬಿಡುವಂತಿಲ್ಲ, ಪೆಟ್ರೋಲಿನೊಡನೆಯೇ ಬೆರೆಸಬೇಕು. ಹಳೆಯ ಜಾವಾಕ್ಕೆ ಲೀಟರಿಗೆ ಸುಮಾರು 40 ಮಿಲಿಲೀಟರು ಎಣ್ಣೆ ವಾಡಿಕೆ. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿನಲ್ಲೂ ಸೈಲೆನ್ಸರಿನಲ್ಲೂ ಮಸಿ ಕಟ್ಟುತ್ತದೆ. ವೈದ್ಯನೆಂದು ಹೆಸರಾದ ನಂಜುಂಡನ ಊರಿನವರಿಗೆ ಔಷಧಿಯ ಪ್ರಮಾಣದ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ! ಚಾಮುಂಡಿಬೆಟ್ಟದಿಂದ ಇಳಿಯುವಾಗ ಪೆಟ್ರೋಲು ಮುಚ್ಚಿ, ಗೇರಿನಲ್ಲೇ ವೇಗವಾಗಿ ಇಳಿಯಬೇಡಿ. ಪೆಟ್ರೋಲು ನಿಂತರೆ ಅದರೊಡನೆ ಬರುವ ಎಣ್ಣೆಯೂ ನಿಲ್ಲುತ್ತದೆ. ನಡುನಡುವೆ ಸ್ವಲ್ಪ ಆಕ್ಸಿಲರೇಟರು ಕೊಡುತ್ತಿರಿ.

ಈಚೆಗೆ ಮತ್ತೊಂದು ತೊಡಕು ಸೇರಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವುಂಟು. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಮತ್ತು ಎಥೆನಾಲ್ ಕೂಡಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯಬಹುದು. ನಲ್ಲಿ ಇರುವುದೂ ತಳದಲ್ಲೇ. ಹಾಗಾದಾಗ ಎಂಜಿನ್ನಿಗೆ ಮೊದಲು ಹೋಗುವುದು ಎಣ್ಣೆ ಸರಿಯಾಗಿ ಬೆರೆಯದ ಆ ದ್ರವ. ಟ್ಯಾಂಕು ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರು ಕೊಳವೆಗಳು ಕೆಡುತ್ತವೆ. ಆದ್ದರಿಂದ ಗಾಡಿಯನ್ನು ಬಹಳ ದಿನ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿ. ಕೊಳವೆಗಳನ್ನು ಎಥೆನಾಲ್ ತಾಳುವ ಹೊಸದಕ್ಕೆ ಬದಲಾಯಿಸಿ. ಅದಕ್ಕಿಂತ ಒಳ್ಳೆಯದೆಂದರೆ ವಾರಕ್ಕೊಮ್ಮೆಯಾದರೂ ಓಡಿಸುವುದು.

ಓಡಿಸಬೇಕಾದರೆ ಕಾಗದಪತ್ರ ಸರಿಯಿರಬೇಕಷ್ಟೆ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿತು. ಮೊದಲ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ ಹತ್ತು ವರ್ಷ ಎಂದು ಗೊತ್ತುಮಾಡಿತು. ಕೇಳುವುದಕ್ಕೆ ದೊಡ್ಡ ಮರ್ಯಾದೆಯೇ. ಆದರೆ ಆ ಫಲಕ ತೊಟ್ಟ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಕೊಂಡೊಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಂಜನಗೂಡಿನಿಂದ ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋಗಿಬರುವ ಆಸೆ ನಿಮಗಿದ್ದರೆ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳುವುದು ಮೇಲು.

ಅನೇಕ ಮನೆಗಳಲ್ಲಿ ಗಾಡಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೇ ಇರುತ್ತದೆ. ಆ ಹೆಸರನ್ನು ಅಳಿಸಲು ಮಕ್ಕಳಿಗೆ ಮನಸ್ಸು ಬಾರದು. ಆದರೆ ವಾರಸುದಾರರ ಹೆಸರಿಗೆ ವರ್ಗವಾಗದೆ ನವೀಕರಣದ ಕೆಲಸ ಮುಂದೆ ಸಾಗದು. ಅಷ್ಟರಲ್ಲಿ ಗಾಡಿ ಗುಜರಿಯವನ ಕಣ್ಣಿಗೆ ಬಿದ್ದಿರುತ್ತದೆ. ತಂದೆಯ ನೆನಪು ಕಾಗದದಲ್ಲಿಲ್ಲ, ಬೆಳಗಿನ ಹೊತ್ತು ಬಾಗಿಲ ಮುಂದೆ ಕೇಳುವ ಆ ಸದ್ದಿನಲ್ಲಿದೆ. ಈ ವಾರವೇ ಧೂಳು ಕೊಡವಿ, ಕಾಗದ ತೆಗೆದು ನೋಡಿ.