ನಾಟಕ ಮುಗಿದ ಮರುದಿನದ ಲೆಕ್ಕ

ಇಗರ್ಜಿಯ ವಾರ್ಷಿಕ ಹಬ್ಬದ ಸಂಜೆ ನಾಟಕವಿಲ್ಲದಿದ್ದರೆ ಹಬ್ಬವೇ ಅರ್ಧವಾಯಿತೆಂದು ಭಾವಿಸುವ ಧರ್ಮಕೇಂದ್ರಗಳು ಕರಾವಳಿಯಲ್ಲಿ ಇಂದಿಗೂ ಇವೆ. ನಮ್ಮದೂ ಅಂಥದ್ದೊಂದು. ನಟರು, ಗಾಯಕರು, ಪರದೆ ಎಳೆಯುವವರು, ಅಭ್ಯಾಸದ ರಾತ್ರಿ ಚಹಾ ಕಾಯಿಸುವವರು ಎಲ್ಲರೂ ಸೇರಿ ಇಪ್ಪತ್ತೆರಡು ಮಂದಿ, ಯಾರಿಗೂ ಸಂಭಾವನೆಯಿಲ್ಲ. ಆದರೆ ಧ್ವನಿವರ್ಧಕದ ಬಾಡಿಗೆಯೂ ಶಾಮಿಯಾನದ ಬಾಡಿಗೆಯೂ ಸೇವಾಭಾವದಿಂದ ತೀರುವುದಿಲ್ಲವಷ್ಟೆ. ಕಳೆದ ವರ್ಷದ ಬಾಕಿ ತೀರಿಸಲು ತಂಡದ ಯುವಕನೊಬ್ಬನು ತನ್ನ ತಾಯಿಯ ಬಳೆಯನ್ನು ಅಡವಿಟ್ಟಿದ್ದನೆಂಬುದು ನಮಗೆ ತಿಳಿದದ್ದು ಮೂರು ತಿಂಗಳ ಬಳಿಕ. ಅನುದಾನದ ಮಾತು ನಮ್ಮಲ್ಲಿ ಗಂಭೀರವಾದದ್ದು ಅಂದಿನಿಂದ.

ಕೇಳಲು ಬಾಗಿಲುಗಳೇ ಇಲ್ಲವೆಂದು ದೂರುವಂತಿಲ್ಲ. ಕೊಂಕಣಿಯು 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. 1994ರಲ್ಲಿ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿಯೂ ಸಾಂಸ್ಕೃತಿಕ ಸಂಘಸಂಸ್ಥೆಗಳಿಗೆ ಧನಸಹಾಯ ನೀಡುವ ಯೋಜನೆಯಿದೆ. ನಾವು ಉತ್ಸಾಹದಿಂದ ಒಂದೆಡೆ ಅರ್ಜಿ ಸಲ್ಲಿಸಿದೆವು. ಅದು ಮರಳಿ ಬಂತು. ನಾಟಕ ಹೇಗಿತ್ತೆಂದು ಯಾರೂ ಕೇಳಿರಲಿಲ್ಲ. ಸಂಘದ ನೋಂದಣಿ ಪತ್ರವೆಲ್ಲಿ, ಪರಿಶೋಧಿತ ಲೆಕ್ಕಪತ್ರವೆಲ್ಲಿ ಎಂದಷ್ಟೇ ಕೇಳಲಾಗಿತ್ತು.

ನಮ್ಮಲ್ಲಿದ್ದದ್ದು ಖಜಾಂಚಿಗಳ ನೋಟುಪುಸ್ತಕ. ಅದರಲ್ಲಿ 'ಹಿತೈಷಿಯೊಬ್ಬರಿಂದ', 'ಗುಡ್ಡೆಯ ಮನೆಯಿಂದ ಅಕ್ಕಿ', 'ಇತರೆ ಖರ್ಚು' ಎಂಬಂಥ ಬರಹಗಳು. ಒಂದು ರೂಪಾಯಿಯೂ ದುರುಪಯೋಗವಾಗಿಲ್ಲವೆಂದು ನಾವು ಆಣೆಯಿಟ್ಟು ಹೇಳಬಲ್ಲೆವು, ಕಾಗದದಲ್ಲಿ ತೋರಿಸಲಾರೆವು. ದಾನವನ್ನು ಗುಟ್ಟಾಗಿ ಕೊಡಬೇಕೆಂಬ ಶುಭಸಂದೇಶದ ಬೋಧನೆಯನ್ನು ಆ ಹಿರಿಯರು ರಶೀದಿಗೂ ಅನ್ವಯಿಸಿಕೊಂಡಿದ್ದರು. "ಸಂಘ ಕಟ್ಟಿದರೆ ಅಧ್ಯಕ್ಷ ಪದವಿಗೆ ಜಗಳ ಹುಟ್ಟುತ್ತದೆ, ಮಕ್ಕಳೇ" ಎಂಬುದು ಅವರ ಆತಂಕ. ಅದು ಸುಳ್ಳೆನ್ನಲು ನಮಗೆ ಧೈರ್ಯವಿಲ್ಲ.

ಆದರೂ ವಿಚಾರಿಸಿದೆವು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಸಾಹಿತ್ಯ, ಲಲಿತಕಲೆಗಳ ಪ್ರೋತ್ಸಾಹವೂ ಅದರ ಉದ್ದೇಶಗಳಲ್ಲಿ ಸೇರಿದೆ. ಉದ್ದೇಶಪತ್ರ ಮತ್ತು ನಿಯಮಾವಳಿಗಳನ್ನು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕಷ್ಟವಿರುವುದು ಅನಂತರ. ಪ್ರತಿವರ್ಷ ಮಹಾಸಭೆ ಕರೆಯಬೇಕು. ಆಡಳಿತ ಮಂಡಳಿಯ ಸದಸ್ಯರ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ಒಪ್ಪಿಸಬೇಕು. ಹಗಲು ದುಡಿದು ರಾತ್ರಿ ಅಭ್ಯಾಸಕ್ಕೆ ಬರುವವರಲ್ಲಿ ಇದನ್ನು ಯಾರು ಮಾಡಬೇಕು? ನಾಯಕನ ಪಾತ್ರಕ್ಕೆ ನಾಲ್ವರು ಮುಂದೆ ಬರುವ ತಂಡದಲ್ಲಿ ಲೆಕ್ಕ ಬರೆಯಲು ಒಬ್ಬರೂ ಬರುವುದಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರ ನೆರವಿನ ಬಗೆಗೂ ಅನೇಕ ಕುಟುಂಬಗಳಲ್ಲಿ ಗೊಂದಲವಿದೆ. ಭಾರತೀಯ ಪೌರರಾಗಿಯೇ ಉಳಿದವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದೇಣಿಗೆಯನ್ನು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯು ವಿದೇಶಿ ವಂತಿಗೆಯೆಂದು ಎಣಿಸುವುದಿಲ್ಲ. ಕೆನಡಾದ ಪೌರತ್ವ ಪಡೆದ ತಮ್ಮನು ಕಳುಹಿಸಿದರೆ ಎಣಿಸುತ್ತದೆ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿಯಿಲ್ಲದೆ ಸಂಘವು ಆ ಹಣವನ್ನು ಸ್ವೀಕರಿಸುವಂತಿಲ್ಲ. ದುಬಾಯಿಯ ಅಣ್ಣನಿಗೂ ಟೊರೊಂಟೊದ ತಮ್ಮನಿಗೂ ಊರಿನ ನಾಟಕದ ಮೇಲಿನ ಮಮತೆ ಒಂದೇ ಆಗಿದ್ದರೂ ಲೆಕ್ಕಪುಸ್ತಕದಲ್ಲಿ ಅವರು ಬೇರೆ ಬೇರೆ.

ಅನುದಾನ ದೊರೆತರೆ ಎಲ್ಲವೂ ಸರಿಹೋಗುವುದೆಂಬ ಭ್ರಮೆ ನಮಗೀಗ ಉಳಿದಿಲ್ಲ. ನೆರೆಯ ಧರ್ಮಕೇಂದ್ರದ ಗೆಳೆಯರಿಗೆ ಮಂಜೂರಾದ ಹಣ ಕೈಸೇರಿದ್ದು ಪ್ರದರ್ಶನ ಮುಗಿದು ಬಹುಕಾಲದ ಮೇಲೆ. ಅಲ್ಲಿಯವರೆಗೆ ಬಾಡಿಗೆ ಕೊಡುವವರು ಯಾರು? ಮತ್ತೊಂದು ಬಳೆಯೇ? ಆದುದರಿಂದ ಪ್ರತಿ ಸದಸ್ಯರೂ ತಿಂಗಳಿಗೆ ಸಣ್ಣದೊಂದು ಮೊತ್ತವನ್ನು ಮೂಲನಿಧಿಗೆ ಕೊಡುವುದೆಂದೂ, ರಶೀದಿಯಿಲ್ಲದೆ ಅಕ್ಕಿಯನ್ನೂ ಸ್ವೀಕರಿಸಬಾರದೆಂದೂ ನಿರ್ಧರಿಸಿದ್ದೇವೆ. ನೋಂದಣಿಯ ಕಾಗದಪತ್ರಗಳು ಸಿದ್ಧವಾಗುತ್ತಿವೆ.

ಕಳೆದ ಭಾನುವಾರ ಬಲಿಪೂಜೆಯ ಬಳಿಕ ಖಜಾಂಚಿಗಳು ಹೊಸ ಲೆಕ್ಕಪುಸ್ತಕದೊಡನೆ ಬಂದರು. ಮೊದಲ ಪುಟದಲ್ಲಿ ಜಮೆಯಿರಲಿಲ್ಲ. ತಂಡವು ಆ ಯುವಕನಿಗೆ ಕೊಡಬೇಕಾದ ಸಾಲವಿತ್ತು, ಅವನ ಪೂರ್ಣ ಹೆಸರಿನೊಂದಿಗೆ. ಅವನು ಬೇಡವೆಂದನು. ಖಜಾಂಚಿಗಳು ಪುಸ್ತಕ ಮಡಚಲಿಲ್ಲ; ಸಹಿ ಹಾಕೆಂದು ಲೇಖನಿಯನ್ನು ಅವನ ಕೈಗಿತ್ತರು.