ವೃದ್ಧರ ಧನರಕ್ಷಣೆಯಲ್ಲಿ ಬ್ಯಾಂಕುಗಳ ಹೊಣೆ

ದುಡಿಯುವ ಕಾಲದಲ್ಲಿ ಕೂಡಿಟ್ಟ ಹಣವು ದುಡಿಯಲಾರದ ಕಾಲದಲ್ಲಿ ಮನುಷ್ಯನಿಗೆ ಅನ್ನವೂ ಔಷಧವೂ ಆಗಬೇಕು. ಅದಕ್ಕಿಂತ ಹೆಚ್ಚಾಗಿ, ಇತರರ ಮುಂದೆ ಕೈಯೊಡ್ಡದೆ ಬಾಳುವ ಮರ್ಯಾದೆಯಾಗಬೇಕು. ಮೂವತ್ತರ ವಯಸ್ಸಿನಲ್ಲಿ ಹಣ ಕಳೆದುಕೊಂಡವನು ಮರಳಿ ಗಳಿಸಬಲ್ಲನು. ಎಪ್ಪತ್ತೈದರಲ್ಲಿ ಕಳೆದುಕೊಂಡವನಿಗೆ ಕಾಲವೂ ಇಲ್ಲ, ಕಸುವೂ ಇಲ್ಲ. ಇಂಥ ಉಳಿತಾಯದ ಬಹುಭಾಗ ಇಂದು ಬ್ಯಾಂಕುಗಳಲ್ಲಿದೆ. ಹೊರಗಿನ ಮೋಸಗಾರನೇ ಆಗಲಿ, ಮನೆಯೊಳಗಿನ ಲೋಭಿಯೇ ಆಗಲಿ, ಅದನ್ನು ಕಬಳಿಸಬೇಕಾದರೆ ಅದು ಮೊದಲು ಬ್ಯಾಂಕಿನ ಬಾಗಿಲನ್ನು ದಾಟಿ ಹೊರಬರಬೇಕು. ಆ ಬಾಗಿಲಲ್ಲಿ ಬ್ಯಾಂಕು ಏನು ಮಾಡಬಹುದು, ಏನು ಮಾಡಲಾರದು, ಏನು ಮಾಡಕೂಡದು ಎಂಬುದನ್ನು ಭಾರತದ ಪರಿಸ್ಥಿತಿಯನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

೧. ಶೋಷಣೆಯ ಮೂರು ಬಗೆಗಳು

೨೦೦೭ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮವು ಅರುವತ್ತು ವರ್ಷ ತುಂಬಿದ ಭಾರತೀಯರನ್ನು ಹಿರಿಯ ನಾಗರಿಕರೆಂದು ಗಣಿಸುತ್ತದೆ. ಇವರ ಹಣಕ್ಕೆ ಒದಗುವ ಅಪಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಪರಿಚಿತರಿಂದ ಬರುವಂಥದು. ಎಟಿಎಂ ಕಾರ್ಡನ್ನೂ ಅದರ ಗುಪ್ತಸಂಖ್ಯೆಯನ್ನೂ ‘ನಾನೇ ತಂದುಕೊಡುತ್ತೇನೆ’ ಎಂದು ಇಸಿದುಕೊಳ್ಳುವುದು, ಬರೆಯದ ಚೆಕ್ಕಿಗೆ ಮುಂಗಡವಾಗಿ ರುಜು ಹಾಕಿಸಿಕೊಳ್ಳುವುದು, ಅನುಕೂಲದ ನೆಪದಲ್ಲಿ ಖಾತೆಯನ್ನು ಜಂಟಿ ಮಾಡಿಸಿಕೊಳ್ಳುವುದು ಇದರ ಸಾಮಾನ್ಯ ರೂಪಗಳು. ಎರಡನೆಯದು ಅಪರಿಚಿತರಿಂದ ಬರುವಂಥದು. ಪೊಲೀಸರ ಅಥವಾ ನ್ಯಾಯಾಧೀಶರ ವೇಷ ಧರಿಸಿ, ಫೋನಿನ ಚಿತ್ರಕರೆಯಲ್ಲಿ ವೃದ್ಧರನ್ನು ದಿನಗಟ್ಟಲೆ ಬೆದರಿಸಿ, ಠೇವಣಿಗಳನ್ನು ಅವಧಿಗೆ ಮುನ್ನವೇ ಮುರಿಸಿ ಹಣ ಕಳುಹಿಸಿಕೊಳ್ಳುವ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆ ಇದರ ಈಚಿನ ರೂಪ. ಹರಿಯಾಣದ ಅಂಬಾಲಾದ ವೃದ್ಧ ದಂಪತಿಗಳ ದೂರಿನ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೨೫ರ ಅಕ್ಟೋಬರಿನಲ್ಲಿ ಈ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇದರ ತನಿಖೆಯನ್ನು ಕೇಂದ್ರೀಯ ತನಿಖಾ ದಳಕ್ಕೆ ಒಪ್ಪಿಸಿತು. ಮೂರನೆಯದು ಹೇಳಲು ಸಂಕೋಚವಾಗುವಂಥದು. ಆದರೂ ಹೇಳದೆ ಬಿಡಲಾಗದು. ಠೇವಣಿ ಇಡಲು ಬಂದ ವೃದ್ಧರಿಗೆ ಠೇವಣಿಯೆಂದೇ ನಂಬಿಸಿ ದೀರ್ಘಾವಧಿಯ ವಿಮಾಪತ್ರವನ್ನು ಮಾರುವುದು ಬ್ಯಾಂಕಿನೊಳಗೇ ನಡೆಯುವ ಶೋಷಣೆ. ಕಾವಲಿಗೆ ನಿಂತವನು ಮೊದಲು ತನ್ನ ಕೈಯನ್ನು ಶುದ್ಧವಾಗಿಟ್ಟುಕೊಳ್ಳಬೇಕೆಂಬುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

೨. ಬ್ಯಾಂಕಿನ ಧರ್ಮಸಂಕಟ

ಬ್ಯಾಂಕು ಗ್ರಾಹಕನ ಅಪ್ಪಣೆಯನ್ನು ಪಾಲಿಸುವ ಸಂಸ್ಥೆ. ಹುಂಡಿ, ಚೆಕ್ಕು ಮೊದಲಾದವುಗಳನ್ನು ಕುರಿತ ೧೮೮೧ರ ಅಧಿನಿಯಮದ ೩೧ನೆಯ ಕಲಮಿನಂತೆ, ಖಾತೆಯಲ್ಲಿ ಸಾಕಷ್ಟು ಹಣವಿದ್ದು ಚೆಕ್ಕು ಕ್ರಮಬದ್ಧವಾಗಿದ್ದರೆ ಬ್ಯಾಂಕು ಹಣ ಕೊಡಬೇಕು. ತಪ್ಪಿದರೆ ಚೆಕ್ಕು ಬರೆದವನಿಗೆ ಒದಗಿದ ನಷ್ಟವನ್ನು ತುಂಬಿಕೊಡಬೇಕು. ಇತ್ತ ೧೮೭೨ರ ಕರಾರು ಅಧಿನಿಯಮವು ತನ್ನ ೧೬ನೆಯ ಕಲಮಿನಲ್ಲಿ ಅನುಚಿತ ಪ್ರಭಾವವನ್ನು ವಿವರಿಸುವಾಗ, ವಯಸ್ಸಿನಿಂದಲೋ ಕಾಯಿಲೆಯಿಂದಲೋ ಮನಸ್ಸಿನ ಶಕ್ತಿ ಕುಂದಿದವರೊಡನೆ ಮಾಡಿಕೊಂಡ ಕರಾರನ್ನು ಹೆಸರಿಸಿಯೇ ಹೇಳಿದೆ. ಮುಪ್ಪಿನ ದೌರ್ಬಲ್ಯವು ನಮ್ಮ ಕಾನೂನಿಗೆ ಹೊಸದಲ್ಲ. ಆದರೆ ಆ ಕಲಮು ನ್ಯಾಯಾಲಯದಲ್ಲಿ, ಹಣ ಕೈಬಿಟ್ಟ ಮೇಲೆ, ಉಪಯೋಗಕ್ಕೆ ಬರುವಂಥದು. ಕೌಂಟರಿನ ಹಿಂದೆ ಕುಳಿತ ಗುಮಾಸ್ತನು ನ್ಯಾಯಾಧೀಶನಲ್ಲ. ಅವನ ಮುಂದಿರುವುದು ಒಂದು ಚೆಕ್ಕು, ಒಂದು ರುಜು.

ಈ ಇಕ್ಕಟ್ಟನ್ನು ಇಂಗ್ಲೆಂಡಿನ ಒಂದು ಮೊಕದ್ದಮೆ ಸ್ಪಷ್ಟಪಡಿಸುತ್ತದೆ. ಅಧಿಕಾರಿಗಳಿಗೆ ನೆರವಾಗುತ್ತಿದ್ದೇವೆಂದು ನಂಬಿದ ದಂಪತಿಗಳು ೨೦೧೮ರಲ್ಲಿ ಎರಡು ಕಂತುಗಳಾಗಿ ೭ ಲಕ್ಷ ಪೌಂಡುಗಳನ್ನು ಹೊರದೇಶಕ್ಕೆ ಕಳುಹಿಸಿ ಕಳೆದುಕೊಂಡರು. ಬಾರ್ಕ್ಲೇಸ್ ಬ್ಯಾಂಕು ಪ್ರತಿವಾದಿಯಾಗಿದ್ದ ಈ ವ್ಯಾಜ್ಯದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ೨೦೨೩ರ ಜುಲೈಯಲ್ಲಿ ತೀರ್ಪಿತ್ತು, ಗ್ರಾಹಕನೇ ಸ್ಪಷ್ಟವಾಗಿ ಆಜ್ಞಾಪಿಸಿದಾಗ ಆ ಆಜ್ಞೆಯ ವಿವೇಕವನ್ನು ಪರೀಕ್ಷಿಸುವ ಕರ್ತವ್ಯ ಸಾಮಾನ್ಯ ಕಾನೂನಿನಂತೆ ಬ್ಯಾಂಕಿಗಿಲ್ಲವೆಂದು ಹೇಳಿತು. ಪರಿಹಾರ ಬೇಕಾದರೆ ಶಾಸನವೇ ಅದನ್ನು ಒದಗಿಸಬೇಕೆಂಬುದು ಇದರಿಂದ ಏರ್ಪಟ್ಟಿತು.

ನಮ್ಮ ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯಲ್ಲಿಯೂ ಇದೇ ಗೆರೆ ಕಾಣುತ್ತದೆ. ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ಲೋಪದಿಂದ ಅವನ ಅನುಮತಿಯಿಲ್ಲದೆ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಅವನಿಗಿಲ್ಲವೆಂದು ಅದು ವಿಧಿಸಿತು. ಹೊಣೆ ಗ್ರಾಹಕನದೆಂದು ಸಾಧಿಸುವ ಭಾರವನ್ನು ಬ್ಯಾಂಕಿನ ಮೇಲೆ ಹೊರಿಸಿತು. ಆದರೆ ಗುಪ್ತಸಂಖ್ಯೆಯನ್ನು ತಾನೇ ಇತರರಿಗೆ ತಿಳಿಸಿದವನು, ದೂರು ಕೊಡುವವರೆಗಿನ ನಷ್ಟವನ್ನು ತಾನೇ ಹೊರಬೇಕಾಯಿತು. ಕಳ್ಳನು ರುಜುವನ್ನು ಕದ್ದರೆ ರಕ್ಷಣೆಯುಂಟು. ರುಜು ಹಾಕುವ ಮನಸ್ಸನ್ನೇ ಕದ್ದರೆ ರಕ್ಷಣೆ ದುರ್ಲಭ. ವೃದ್ಧರ ವಿಷಯದಲ್ಲಿ ಪದೇ ಪದೇ ನಡೆಯುವುದು ಎರಡನೆಯದೇ. ಆದಕಾರಣ ಹಣ ಹೋದ ಮೇಲಿನ ಪರಿಹಾರಕ್ಕಿಂತ ಹೋಗುವ ಮುನ್ನಿನ ಎಚ್ಚರಿಕೆ ಇಲ್ಲಿ ಹೆಚ್ಚಿನದೆಂದು ನಾವು ಭಾವಿಸುತ್ತೇವೆ.

೩. ಕೈಯಲ್ಲಿರುವ ಸಾಧನಗಳು

ಈ ಎಚ್ಚರಿಕೆಗೆ ಬೇಕಾದ ಕೆಲವು ಸಾಧನಗಳು ಬ್ಯಾಂಕಿನ ರೂಢಿಯಲ್ಲಿಯೇ ಇವೆ. ಹಾಸಿಗೆ ಹಿಡಿದು ರುಜು ಹಾಕಲಾರದ ಖಾತೆದಾರರಿಂದ ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತು ಪಡೆಯಬಹುದೆಂದೂ, ಅದನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸ್ವತಂತ್ರ ಸಾಕ್ಷಿಗಳು ಗುರುತಿಸಬೇಕೆಂದೂ, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕೆಂದೂ ರಿಸರ್ವ್ ಬ್ಯಾಂಕು ಬಹುಕಾಲದ ಹಿಂದೆಯೇ ಸೂಚಿಸಿದೆ. ಇದರ ತಿರುಳನ್ನು ಗಮನಿಸಬೇಕು. ಹಣ ಪಡೆಯುವುದರಲ್ಲಿ ಹಿತಾಸಕ್ತಿಯಿಲ್ಲದ ಎರಡು ಜೊತೆ ಕಣ್ಣುಗಳು ಆ ವೃದ್ಧರನ್ನು ನೋಡಬೇಕೆಂಬುದೇ ಆ ತಿರುಳು.

ಜಂಟಿ ಖಾತೆಯ ಷರತ್ತುಗಳೂ ಅಷ್ಟೇ ಮುಖ್ಯ. ‘ಇಬ್ಬರಲ್ಲೊಬ್ಬರು ಅಥವಾ ಬದುಕುಳಿದವರು’ ಎಂಬ ಷರತ್ತಿನಲ್ಲಿ ಮಗನು ಯಾವ ದಿನ ಬೇಕಾದರೂ ಖಾತೆಯನ್ನು ಬರಿದುಮಾಡಬಲ್ಲನು. ‘ಮೊದಲನೆಯವರು ಅಥವಾ ಬದುಕುಳಿದವರು’ ಎಂಬುದರಲ್ಲಿ ಮೊದಲ ಹೆಸರಿನವರು ಜೀವಿಸಿರುವವರೆಗೆ ಅಧಿಕಾರ ಅವರೊಬ್ಬರದೇ. ನಾಮನಿರ್ದೇಶನದಿಂದಂತೂ ಖಾತೆದಾರರ ಜೀವಿತಕಾಲದಲ್ಲಿ ಯಾರಿಗೂ ಯಾವ ಅಧಿಕಾರವೂ ಬರುವುದಿಲ್ಲ. ೨೦೨೫ರ ನವೆಂಬರ್ ೧ರಿಂದ ನಾಲ್ವರವರೆಗೆ ಹೆಸರಿಸಲು ಅವಕಾಶವಾಗಿದೆ. ತಮ್ಮ ಅನಂತರ ಹಣ ಮಕ್ಕಳಿಗೆ ಸುಲಭವಾಗಿ ಸೇರಲೆಂಬುದೇ ವೃದ್ಧರ ಉದ್ದೇಶವಾಗಿದ್ದರೆ ಅದಕ್ಕೆ ಇಷ್ಟೇ ಸಾಕು. ಈ ಭೇದವನ್ನು ಅವರಿಗೆ ಕನ್ನಡದಲ್ಲಿ, ಐದು ನಿಮಿಷ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ತಿಳಿಸಿಹೇಳಿದರೆ ಎಷ್ಟೋ ಅನರ್ಥ ತಪ್ಪುತ್ತದೆ. ಇದಕ್ಕೆ ಹೊಸ ಶಾಸನ ಬೇಕಿಲ್ಲ.

ಮುಖ್ತ್ಯಾರನಾಮೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಕರಾರು ಅಧಿನಿಯಮದ ೨೦೧ನೆಯ ಕಲಮಿನಂತೆ, ಅಧಿಕಾರ ಕೊಟ್ಟವರ ಚಿತ್ತಸ್ವಾಸ್ಥ್ಯ ಕೆಟ್ಟೊಡನೆ ಮುಖ್ತ್ಯಾರನ ಅಧಿಕಾರ ಕೊನೆಗೊಳ್ಳುತ್ತದೆ. ಮರೆವಿನ ರೋಗ ಬಲಿತ ತಂದೆಯ ಹೆಸರಿನಲ್ಲಿ ಮಗನು ವರ್ಷಗಟ್ಟಲೆ ಖಾತೆ ನಡೆಸುತ್ತಿದ್ದರೆ ಅದು ಸದುದ್ದೇಶದಿಂದಲೇ ಇರಬಹುದು, ಆದರೆ ಕಾನೂನಿನ ಆಧಾರ ಅದಕ್ಕಿಲ್ಲ. ಖಾತೆದಾರರನ್ನು ಆಗಾಗ ಕಂಡು ಮಾತನಾಡಿಸುವುದೇ ಇದಕ್ಕೆ ಉಪಾಯ. ಎಪ್ಪತ್ತು ಮೀರಿದವರಿಗೆ ಮನೆಬಾಗಿಲಿಗೇ ಬ್ಯಾಂಕಿನ ಸೇವೆ ದೊರೆಯಬೇಕೆಂದು ೨೦೧೭ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ನಿರ್ದೇಶಿಸಿತು. ಈ ಸೇವೆಯನ್ನು ಬರಿಯ ಅನುಕೂಲವೆಂದೆಣಿಸದೆ ಕುಶಲ ವಿಚಾರಣೆಯ ಸಂದರ್ಭವಾಗಿಯೂ ಬಳಸಿಕೊಳ್ಳಬಹುದು.

೪. ವಿಳಂಬವೆಂಬ ರಕ್ಷಣೆ

ಇನ್ನು ಅಪರಿಚಿತರ ವಂಚನೆ. ಇದರ ಬಲವೆಲ್ಲ ಆತುರದಲ್ಲಿದೆ. ‘ಈಗಲೇ ಕಳುಹಿಸು, ಯಾರಿಗೂ ಹೇಳಬೇಡ’ ಎಂಬ ಎರಡು ಮಾತುಗಳ ಮೇಲೆ ಅದು ನಿಂತಿದೆ. ಹಾಗಾದರೆ ಮದ್ದು ಕೂಡ ಎರಡೇ: ಒಂದಿಷ್ಟು ಕಾಲ, ಮತ್ತು ಹೇಳಿಕೊಳ್ಳಲು ಒಬ್ಬ ಮನುಷ್ಯ.

ಕಾಲದ ಮಾತು ಮೊದಲು. ಬ್ರಿಟನ್ನಿನಲ್ಲಿ ೨೦೨೪ರ ಅಕ್ಟೋಬರ್ ೩೦ರಿಂದ, ವಂಚನೆಯೆಂದು ಸಂಶಯಿಸಲು ಸಕಾರಣವಿದ್ದರೆ ಬ್ಯಾಂಕು ಹಣದ ರವಾನೆಯನ್ನು ನಾಲ್ಕು ಕೆಲಸದ ದಿನಗಳವರೆಗೆ ತಡೆಹಿಡಿಯಬಹುದು. ಸಿಂಗಪುರವು ೨೦೨೫ರ ಶಾಸನದಿಂದ, ಎಷ್ಟು ಹೇಳಿದರೂ ಮೋಸವನ್ನು ನಂಬದ ವ್ಯಕ್ತಿಯ ಖಾತೆಯನ್ನು ತಾತ್ಕಾಲಿಕವಾಗಿ ತಡೆಯುವಂತೆ ಬ್ಯಾಂಕಿಗೆ ಆಜ್ಞೆ ಕೊಡುವ ಅಧಿಕಾರವನ್ನು ಪೊಲೀಸರಿಗೆ ಒಪ್ಪಿಸಿದೆ. ನಮ್ಮಲ್ಲಿಯೂ ಹೊಸದಾಗಿ ಸೇರಿಸಿದ ಹೆಸರಿಗೆ ಮೊದಲ ಕೆಲವು ಗಂಟೆಗಳಲ್ಲಿ ದೊಡ್ಡ ಮೊತ್ತ ಕಳುಹಿಸದಂತೆ ಹಲವು ಬ್ಯಾಂಕುಗಳು ಮಿತಿ ಹಾಕುತ್ತವೆ. ಹಲವು ವರ್ಷದ ಠೇವಣಿಯನ್ನು ಒಮ್ಮೆಗೇ ಮುರಿದು ಹೊಸ ಹೆಸರಿಗೆ ಕಳುಹಿಸುವ ವೃದ್ಧರ ವಿಷಯದಲ್ಲಿ ಈ ಅವಧಿಯನ್ನು ಹೆಚ್ಚಿಸುವುದು ಕಷ್ಟಸಾಧ್ಯವಲ್ಲ. ಹಣ ಹೋಗಿಯೇಬಿಟ್ಟಿದ್ದರೆ ೧೯೩೦ ಎಂಬ ರಾಷ್ಟ್ರೀಯ ದೂರವಾಣಿ ಸಂಖ್ಯೆಗೆ ತತ್‌ಕ್ಷಣ ತಿಳಿಸಲು ಶಾಖೆಯವರೇ ನೆರವಾಗಬೇಕು. ಮೊದಲ ಗಂಟೆಗಳಲ್ಲಿ ತಡೆಯಬಹುದಾದ ಹಣ ಮರುದಿನಕ್ಕೆ ಹತ್ತಾರು ಖಾತೆಗಳಲ್ಲಿ ಹರಿದುಹೋಗಿರುತ್ತದೆ.

ಮನುಷ್ಯನ ಮಾತು ಎರಡನೆಯದು. ಅಮೆರಿಕದಲ್ಲಿ ಷೇರು ವ್ಯವಹಾರದ ಸಂಸ್ಥೆಗಳು ೨೦೧೮ರ ಫೆಬ್ರವರಿಯಿಂದ, ಗ್ರಾಹಕರು ನೆಚ್ಚುವ ಒಬ್ಬರ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಲು ಯತ್ನಿಸಬೇಕು. ಆ ವ್ಯಕ್ತಿಗೆ ಖಾತೆಯ ಮೇಲೆ ಯಾವ ಅಧಿಕಾರವೂ ಇಲ್ಲ. ಸಂಶಯ ಬಂದಾಗ ಅವರನ್ನು ವಿಚಾರಿಸಬಹುದು, ಅಷ್ಟೆ. ಅದೇ ವರ್ಷದ ಮತ್ತೊಂದು ಶಾಸನವು, ತರಬೇತಿ ಪಡೆದ ಬ್ಯಾಂಕು ನೌಕರರು ಸದ್ಭಾವದಿಂದ ಅಧಿಕಾರಿಗಳಿಗೆ ವರದಿ ಮಾಡಿದರೆ ಅವರ ಮೇಲೆ ದಾವೆ ಹೂಡದಂತೆ ರಕ್ಷಣೆ ಕೊಟ್ಟಿದೆ. ಪ್ರಶ್ನೆ ಕೇಳಿದ್ದಕ್ಕೆ ತನಗೇ ತೊಂದರೆಯಾದೀತೆಂಬ ಅಂಜಿಕೆಯಿರುವ ಗುಮಾಸ್ತನು ಪ್ರಶ್ನೆ ಕೇಳುವುದಿಲ್ಲ. ಈ ಎರಡು ಏರ್ಪಾಡುಗಳೂ ನಮ್ಮ ಬ್ಯಾಂಕುಗಳಿಗೆ ಅನುಕರಣೀಯವೆಂದು ನಮಗೆ ತೋರುತ್ತದೆ.

೫. ರಕ್ಷಣೆಯ ಎಲ್ಲೆ

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದ ಮಾತನ್ನೂ ಕೇಳಬೇಕು. ವಯಸ್ಸಾಯಿತೆಂದ ಮಾತ್ರಕ್ಕೆ ಬುದ್ಧಿ ಮಸುಕಾಯಿತೆಂದು ಭಾವಿಸುವುದು ಅನ್ಯಾಯ. ಎಂಬತ್ತರ ಅಜ್ಜಿ ತನ್ನ ಹಣವನ್ನು ಮೊಮ್ಮಗಳ ಓದಿಗೆ ಕೊಡುವುದಾದರೆ ತಡೆಯಲು ಬ್ಯಾಂಕು ಯಾರು? ಎಲ್ಲ ವೃದ್ಧರ ವ್ಯವಹಾರಕ್ಕೂ ಅಡ್ಡಗೋಡೆ ಕಟ್ಟಿದರೆ ರಕ್ಷಣೆಯ ಹೆಸರಿನಲ್ಲಿ ಅವರ ಸ್ವಾತಂತ್ರ್ಯವನ್ನೇ ಕಸಿದುಕೊಂಡಂತಾಗುತ್ತದೆ. ಅದೂ ಒಂದು ಬಗೆಯ ಅಪಹರಣವೇ. ಆದ್ದರಿಂದ ಬ್ಯಾಂಕು ನಿರ್ಧಾರವನ್ನು ತನ್ನ ಕೈಗೆ ತೆಗೆದುಕೊಳ್ಳಕೂಡದು. ನಿರ್ಧಾರಕ್ಕೆ ಬೇಕಾದ ಕಾಲವನ್ನೂ ಏಕಾಂತವನ್ನೂ ತಿಳಿವಳಿಕೆಯನ್ನೂ ಒದಗಿಸಬೇಕು. ಅಷ್ಟರ ಮೇಲೂ ವೃದ್ಧರು, ಯಾರ ಬೆದರಿಕೆಗೂ ಒಳಗಾಗದೆ, ‘ಇದು ನನ್ನ ಇಷ್ಟ’ ಎಂದರೆ ಬ್ಯಾಂಕು ತಲೆಬಾಗಬೇಕು.

ಈ ಕೆಲಸಕ್ಕೆ ಯಂತ್ರಗಳ ನೆರವು ಬೇಕು, ಆದರೆ ಯಂತ್ರಗಳಷ್ಟೇ ಸಾಲವು. ಪ್ರತಿ ತಿಂಗಳೂ ಪಿಂಚಣಿಗೆ ಬರುತ್ತಿದ್ದವರು ಎರಡು ತಿಂಗಳಿಂದ ಏಕೆ ಬಂದಿಲ್ಲ, ಬಂದವರು ಏಕೆ ಮಾತನಾಡದೆ ಪಕ್ಕದವರ ಮುಖ ನೋಡುತ್ತಾರೆ ಎಂಬುದನ್ನು ಗಮನಿಸಬಲ್ಲುದು ಗುರುತು ಪರಿಚಯವುಳ್ಳ ಶಾಖೆ ಮಾತ್ರ. ಶಾಖೆಗಳ ಕೆಲಸ ಫೋನಿಗೆ ಸರಿಯುತ್ತಿರುವ ಈ ದಿನಗಳಲ್ಲಿ ಆ ಪರಿಚಯ ಸವೆಯುತ್ತಿದೆ. ಅದರ ಸ್ಥಾನದಲ್ಲಿ ಏನನ್ನು ನಿಲ್ಲಿಸಬೇಕೆಂಬುದು ವಾಣಿಜ್ಯಶಾಸ್ತ್ರದ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬೇಕಾದ ಸಂಶೋಧನೆಯ ವಿಷಯವಾಗಿದೆ.