ನಿಷೇಧದ ಅವಧಿಯ ನಂತರ ದೋಣಿ ಎಂಜಿನ್‌ನ ಹಳೆಯ ಪೆಟ್ರೋಲ್
ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 10 ಅಶ್ವಶಕ್ತಿಗೆ ಮೀರಿದ ಔಟ್‌ಬೋರ್ಡ್ ಎಂಜಿನ್‌ಗಳು ದಡ ಸೇರಿರುತ್ತವೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್‌ನಲ್ಲಿರುವ ಎಥೆನಾಲ್ ಮಳೆಗಾಲದ ತೇವವನ್ನು ಹೀರುತ್ತದೆ. ತೇವ ಹೆಚ್ಚಾದಾಗ ನೀರಿನೊಡನೆ ಬೇರ್ಪಟ್ಟು ತಳ ಸೇರುತ್ತದೆ. ಹೊಸ ಪೆಟ್ರೋಲ್ ಸುರಿದರೂ ಎಂಜಿನ್ ಮೊದಲು ಎಳೆಯುವುದು ಆ ತಳದ ಪದರವನ್ನೇ. ಪೆಟ್ರೋಲಿಗೇ ಆಯಿಲ್ ಬೆರೆಸುವ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಅಪಾಯ ಇನ್ನೂ ಹೆಚ್ಚು: ಆಯಿಲ್ ಮೇಲಿನ ಪದರದಲ್ಲೇ ಉಳಿಯುವುದರಿಂದ ಜಿಡ್ಡು ದೊರೆಯದ ಪಿಸ್ಟನ್ ನಡುಗಡಲಿನಲ್ಲಿ ಹಿಡಿದುಕೊಳ್ಳಬಹುದು. ಸೀಮೆಎಣ್ಣೆ ಎಂಜಿನ್‌ಗಳಲ್ಲಿ ಸ್ಟಾರ್ಟ್ ಮಾಡಲು ಬಳಸುವ ಪೆಟ್ರೋಲಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಹಳೆಯ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿಟ್ಟು ಪರೀಕ್ಷಿಸಿರಿ. ಎರಡು ಪದರ ಕಂಡರೆ ಟ್ಯಾಂಕ್, ಪೈಪ್, ಕಾರ್ಬುರೇಟರ್‌ಗಳನ್ನು ಪೂರ್ತಿ ಬರಿದು ಮಾಡಿ ಫಿಲ್ಟರ್ ಬದಲಿಸಬೇಕು. ಅನಂತರ ಎಂಜಿನ್‌ನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ, ಹೊಸ ಇಂಧನದಿಂದ ದಡದಲ್ಲೇ ಓಡಿಸಿ ನೋಡತಕ್ಕದ್ದು. ತೆಗೆದ ಪೆಟ್ರೋಲನ್ನು ಅಳಿವೆಗೆ ಸುರಿಯಬಾರದು.